ಹಾನಿಯ ಪಟ್ಟಿಯ ಎದುರುಪುಟ

2021ರ ಮೇ 15ರ ಶನಿವಾರ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹಾದುಹೋದಾಗ, ಮರವಂತೆಯ ಸಮೀಪ ಕಡಲಿಗೆ ನೂರು ಮಾರು ದೂರದ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ ಇದ್ದೆವು. ಅಲೆಗಳು ತಡೆಗೋಡೆಯ ಬಂಡೆಗಳನ್ನು ದಾಟಿ ತೋಟಕ್ಕೆ ನುಗ್ಗಿದವು. ಅಡುಗೆಮನೆಯ ಮಾಡಿನ ಹಂಚುಗಳು ಹಾರಿದವು, ಹನ್ನೊಂದು ತೆಂಗಿನ ಮರಗಳು ಉರುಳಿದವು, ಬಾವಿಗೆ ಉಪ್ಪುನೀರು ಇಳಿಯಿತು.

ಮರುದಿನ ಪರಿಹಾರದ ಅರ್ಜಿಗೆಂದು ಹಳೆಯ ಲೆಕ್ಕದ ಪುಸ್ತಕದ ಎಡಪುಟದಲ್ಲಿ ಹಾನಿಯ ಪಟ್ಟಿ ಬರೆಯತೊಡಗಿದೆ. ಬರೆದಷ್ಟೂ ಸಂಕಟ ಹೆಚ್ಚಿತು. ಜೀವ ಉಳಿಯಿತಲ್ಲ ಎಂದು ಫೋನಿನಲ್ಲಿ ಸಮಾಧಾನ ಹೇಳಿದವರ ಮಾತು ನಿಜವಾಗಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಚಂಡಮಾರುತ ಕಡಲಿನಲ್ಲೇ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿನ ದಡಕ್ಕೆ ಅಪ್ಪಳಿಸಿತು. ಮುಂಬೈಯಾಚೆಯ ಕಡಲಿನಲ್ಲಿ 261 ಜನರಿದ್ದ ಪಿ-305 ಎಂಬ ಬಾರ್ಜ್, ಅಂದರೆ ಚಪ್ಪಟೆ ತಳದ ದೊಡ್ಡ ಹಡಗು, ಮುಳುಗಿತು. ಆ ಸುದ್ದಿ ಕೇಳಿ ಎದೆ ನಡುಗಿತಾದರೂ, ಅಲ್ಲಿ ಸತ್ತವರನ್ನು ಅಳತೆಗೋಲಾಗಿಸಿಕೊಂಡು ನಾವು ಪುಣ್ಯವಂತರೆಂದು ಹೇಳಿಕೊಳ್ಳುವುದು ನನಗೆ ಅಂದೂ ಸರಿಕಾಣಲಿಲ್ಲ, ಇಂದೂ ಕಾಣುವುದಿಲ್ಲ.

ದಾರಿ ತೋರಿಸಿದವಳು ಅಮ್ಮ. ಹೋದದ್ದನ್ನು ಮಾತ್ರ ಬರೆದರೆ ಲೆಕ್ಕ ಅರ್ಧವೇ ಆಗುತ್ತದೆ, ಬಂದದ್ದನ್ನೂ ಬರೆ, ನಾಳೆ ತೀರಿಸಬೇಕಾದ ಋಣ ಅದು ಎಂದಳು. ಅಂದಿನಿಂದ ರಾತ್ರಿ ಮಲಗುವ ಮೊದಲು ಬಲಪುಟದಲ್ಲಿ ಯಾರು, ಏನು, ಎಷ್ಟು ಎಂಬುದನ್ನಷ್ಟೇ ಬರೆದೆ. ಮೆಚ್ಚುಗೆಯ ಮಾತು ಒಂದನ್ನೂ ಸೇರಿಸಲಿಲ್ಲ. ತೆಂಕುಮನೆಯ ಅಕ್ಕ: ಕುಡಿಯುವ ನೀರು, ದಿನಕ್ಕೆ ನಾಲ್ಕು ಕೊಡ. ತಮ್ಮದೇ ನಾಡದೋಣಿ ಒಡೆದುಹೋಗಿದ್ದ ಇಬ್ಬರು ಮೀನುಗಾರರು: ಮಾಡಿಗೆ ಟಾರ್ಪಾಲು ಕಟ್ಟಿದ್ದು, ಎರಡು ಗಂಟೆ. ಸುರಿಯುವ ಮಳೆಯಲ್ಲೇ ಕಂಬ ಹತ್ತಿದ ಲೈನ್‌ಮನ್: ಹೆಸರು ಗೊತ್ತಿಲ್ಲ.

ಹೆಸರಿಲ್ಲದ ಆ ಸಾಲು ನನ್ನನ್ನು ಕಾಡಿತು. ಕೊರೊನಾ ಲಾಕ್‌ಡೌನ್‌ನ ಆ ದಿನಗಳಲ್ಲಿ ಮುಖಗವಸು ಕಟ್ಟಿಕೊಂಡು ಮುಂದಿನ ಕಂಬದವರೆಗೆ ನಡೆದುಹೋಗಿ ಕೇಳಿದಾಗ, ಅವರು ಬಯಲುಸೀಮೆಯವರೆಂದೂ ಆರು ತಿಂಗಳಿಂದ ಊರಿಗೆ ಹೋಗಿಲ್ಲವೆಂದೂ ತಿಳಿಯಿತು. ವರ್ಷಗಟ್ಟಲೆ ಬೆಳಕು ಉರಿಸಿದ ನಾನು ಅದರ ಹಿಂದಿರುವ ಒಬ್ಬ ಮನುಷ್ಯನ ಹೆಸರನ್ನು ಕೇಳಿದ್ದು ಅದೇ ಮೊದಲು. ಆ ರಾತ್ರಿ ಹೆಸರು ಬರೆಯುವಾಗ ನನಗೆ ಅಳು ಬಂತು, ಮತ್ತು ಚಂಡಮಾರುತದ ನಂತರ ಮೊದಲ ಬಾರಿಗೆ ನಿದ್ದೆಯೂ ಬಂತು.

ಎಡಪುಟದ ನೋವು ಇದರಿಂದ ಅಳಿಯಲಿಲ್ಲ. ಬಾವಿಯ ನೀರನ್ನು ಮೂರು ಸಲ ಪಂಪು ಹಚ್ಚಿ ಖಾಲಿ ಮಾಡಿದರೂ ಉಪ್ಪು ಹೋಗಲಿಲ್ಲ, ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆ ಬಂದ ಮೇಲೆಯೇ ಅದು ಸಿಹಿಯಾಯಿತು. ಬಲಪುಟದ ಋಣಗಳನ್ನು ಒಂದೊಂದಾಗಿ ತೀರಿಸುತ್ತ ಗೆರೆ ಎಳೆದೆ. ಮೀನುಗಾರರ ದೋಣಿ ರಿಪೇರಿಗೆ ಉರುಳಿದ ತೆಂಗನ್ನು ಮಾರಿದ ಹಣದಲ್ಲಿ ಒಂದು ಪಾಲು ಹೋಯಿತು. ಅಕ್ಕನ ಮನೆಗೆ ಪ್ರತಿ ಕೊಯ್ಲಿನಲ್ಲೂ ಕಾಯಿ ಕಳಿಸುತ್ತೇನೆ, ಆದರೆ ನಾಲ್ಕು ಕೊಡ ನೀರಿನ ಆ ಸಾಲಿಗೆ ಇನ್ನೂ ಗೆರೆ ಎಳೆದಿಲ್ಲ.