ಹಳೆ ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್: ಪಾಯಿಂಟ್ ಬಿಚ್ಚುವ ಮೊದಲು ಶಾಫ್ಟ್ ನೋಡಿ

1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್ ಇಟ್ಟುಕೊಂಡವರಿಗೆ ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಕಾಟ ಗೊತ್ತಿರುವುದೇ. ಎಂಜಿನ್ 3,000 ಆರ್‌ಪಿಎಂನಲ್ಲಿ ಓಡುವಾಗ ಪಾಯಿಂಟ್ ನಿಮಿಷಕ್ಕೆ 6,000 ಸಲ ತೆರೆದು ಮುಚ್ಚುತ್ತದೆ. ಕ್ಯಾಮ್‌ಗೆ ಉಜ್ಜುವ ಅದರ ಫೈಬರ್ ಸವೆದಂತೆ ಗ್ಯಾಪ್ ಕಿರಿದಾಗಿ, ಕಿಡಿ ತಡವಾಗಿ, ಪಿಕಪ್ ಇಳಿಯುತ್ತದೆ. ಪಾಯಿಂಟ್ ಜಾಗಕ್ಕೆ ಮ್ಯಾಗ್ನೆಟ್ ಮಾದರಿಯ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದರೆ ಈ ಸವೆತ ಇರುವುದಿಲ್ಲ. ಆದರೆ ಪಾಯಿಂಟ್ ಒಳಗಿರುವ, ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರೇ ಸವೆದಿದ್ದರೆ ಮಾಡ್ಯೂಲ್‌ಗೆ ಹಾಕಿದ ದುಡ್ಡು ದಂಡ.

ಹಾಗಾಗಿ ಮೊದಲು ಕ್ಯಾಪ್ ತೆಗೆದು, ರೋಟರ್ ಕಳಚಿ, ಶಾಫ್ಟಿನ ತುದಿ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಆಟ ಕೈಗೆ ಗೊತ್ತಾಗುವಷ್ಟಿದ್ದರೆ ಬುಷ್ ಹಾಕಿಸಲೇಬೇಕು. ಇಲ್ಲದಿದ್ದರೆ ನಾಲ್ಕೂ ಸಿಲಿಂಡರಿಗೆ ಕಿಡಿ ಒಂದೇ ಲೆಕ್ಕದಲ್ಲಿ ಬೀಳುವುದಿಲ್ಲ. ರೋಟರ್ ಮತ್ತೆ ಕೂರಿಸಿ, ಅದು ತಿರುಗುವ ದಿಕ್ಕಿಗೇ (ಮೇಲಿನಿಂದ ನೋಡಿದರೆ ಅಪ್ರದಕ್ಷಿಣೆ) ತುಸು ತಿರುವಿ ಬಿಡಿ. ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಎಳೆಯದಿದ್ದರೆ ಒಳಗಿನ ಅಡ್ವಾನ್ಸ್ ತೂಕಗಳು (ವೇಗ ಏರಿದಂತೆ ಕಿಡಿಯನ್ನು ಬೇಗ ಬೀಳಿಸುವವು) ಜಾಮ್ ಆಗಿವೆ. ಬಿಚ್ಚಿ ತೊಳೆದು ಒಂದೆರಡು ಹನಿ ಎಣ್ಣೆ ಬಿಡಿ.

ಇನ್ನು ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್. ವೈರ್ ಕಳಚಿ, ಮಲ್ಟಿಮೀಟರಿನಲ್ಲಿ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಅಳೆಯಿರಿ. ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಸುಮಾರು 3 ಓಮ್ ಇರಬೇಕು. 1.5 ಓಮ್ ಬಂದರೆ ಅದು ಬ್ಯಾಲಾಸ್ಟ್ ಕಾಯಿಲ್, ಅಂದರೆ ವೋಲ್ಟೇಜ್ ಇಳಿಸುವ ರೆಸಿಸ್ಟರ್ ಜತೆ ಬಳಸುವಂಥದ್ದು. ನೇರ 12 ವೋಲ್ಟ್ ಕೊಟ್ಟರೆ ಕಾಯಿಲೂ ಮಾಡ್ಯೂಲೂ ಕಾದು ಸುಡುತ್ತವೆ. ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ತ್ ಆಗಿದೆ ಎಂದೂ ನೋಡಿ. ಬಹಳ ಹಳೆಯ ವೈರಿಂಗಿನಲ್ಲಿ ಪಾಸಿಟಿವ್ ಅರ್ತ್ ಇರಬಹುದು, ಅದಕ್ಕೆ ಬೇರೆಯೇ ಮಾಡ್ಯೂಲ್ ಬೇಕು. ಪ್ಲಗ್ ವೈರ್ ಬರೀ ತಾಮ್ರದ್ದಾದರೆ ಅದರ ವಿದ್ಯುತ್ ಗದ್ದಲಕ್ಕೆ ಮಾಡ್ಯೂಲಿನ ಸೆನ್ಸರ್ ದಾರಿ ತಪ್ಪಿ ಎಂಜಿನ್ ಮಿಸ್ ಹೊಡೆಯುತ್ತದೆ. ಕಾರ್ಬನ್ ವೈರ್ ಹಾಕಿ.

ಕೂರಿಸುವ ಕೆಲಸ ಅರ್ಧ ಗಂಟೆಯದು. ಬ್ಯಾಟರಿ ಕಳಚಿ. ಪಾಯಿಂಟ್, ಕಂಡೆನ್ಸರ್ ಎರಡನ್ನೂ ಬಿಚ್ಚಿ ತೆಗೆದಿಡಿ. ಮಾಡ್ಯೂಲನ್ನು ಪಾಯಿಂಟ್ ಕೂತಿದ್ದ ಪ್ಲೇಟಿಗೆ ಸ್ಕ್ರೂ ಮಾಡಿ, ಮ್ಯಾಗ್ನೆಟ್ ಉಂಗುರವನ್ನು ಕ್ಯಾಮ್ ಮೇಲೆ ಪೂರ್ತಿ ಒತ್ತಿ. ಇವೆರಡರ ನಡುವಿನ ಅಂತರ ಸಾಮಾನ್ಯವಾಗಿ 0.75 ಮಿ.ಮೀ.; ಕಿಟ್ ಜತೆಗಿನ ಚೀಟಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಕೆಂಪು ವೈರ್ ಕಾಯಿಲ್ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ. ಅದಲುಬದಲಾದರೆ ಇಗ್ನಿಷನ್ ಆನ್ ಮಾಡಿದೊಡನೆ ಮಾಡ್ಯೂಲ್ ಹೋಗುತ್ತದೆ.

ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಹೋಗುವ, ಹೆಣೆದ ಸಣ್ಣ ಅರ್ತ್ ವೈರ್ ನೋಡಿ. ಎಂಜಿನ್ನಿನ ವ್ಯಾಕ್ಯೂಮ್ (ಗಾಳಿಯ ಹೀರುವಿಕೆ) ಎಳೆದಾಗಲೆಲ್ಲ ಪ್ಲೇಟ್ ತಿರುಗಿ, ಆ ವೈರ್ ಬಾಗಿ ಬಾಗಿ ಎಳೆ ಎಳೆಯಾಗಿ ತುಂಡಾಗುತ್ತದೆ. ಐಡಲ್‌ನಲ್ಲಿ ಸರಿಯಿದ್ದು, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುವ ಗಾಡಿಗಳಲ್ಲಿ ಮೊದಲ ಅನುಮಾನ ಇದರ ಮೇಲೇ ಇರಲಿ. ಮಾಡ್ಯೂಲ್ ವೈರ್‌ಗಳಿಗೂ ಪ್ಲೇಟ್ ತಿರುಗುವಷ್ಟು ಸಡಿಲ ಬಿಡಿ. ಕ್ಯಾಮ್‌ಗೆ ಮಾತ್ರ ತಾಗಕೂಡದು.

ಪಾಯಿಂಟಿನ ಹಳೆಯ ಟೈಮಿಂಗ್ ಈಗ ಲೆಕ್ಕಕ್ಕಿಲ್ಲ. ಎಂಜಿನ್ ಬಿಸಿಯಾದ ಮೇಲೆ ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಟೈಮಿಂಗ್ ಲೈಟನ್ನು ಒಂದನೇ ಪ್ಲಗ್ ವೈರಿಗೆ ಹಾಕಿ. ಪುಲ್ಲಿಯ ಗುರುತು ಮ್ಯಾನ್ಯುಯಲ್ ಹೇಳುವ ಡಿಗ್ರಿಗೆ ಬರುವಂತೆ ಡಿಸ್ಟ್ರಿಬ್ಯೂಟರ್ ಬಾಡಿ ತಿರುಗಿಸಿ: ಪ್ರದಕ್ಷಿಣೆಗೆ ತಿರುಗಿಸಿದರೆ ಅಡ್ವಾನ್ಸ್. ಏರು ಹತ್ತುವಾಗ ಎಂಜಿನ್ ಕುಟ್ಟಿದರೆ ತುಸು ಹಿಂದಕ್ಕೆ. ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ) 1-3-4-2. ಪ್ಲಗ್ ಗ್ಯಾಪ್ 0.6ರಿಂದ 0.7 ಮಿ.ಮೀ.ಗೆ ಏರಿಸಬಹುದು, ಅದಕ್ಕಿಂತ ಹೆಚ್ಚು ಬೇಡ.

ಎಂಜಿನ್ ಓಡದೆ ಇಗ್ನಿಷನ್ ಆನ್ ಇಟ್ಟು ರೇಡಿಯೋ ಕೇಳುವ ಅಭ್ಯಾಸ ಬಿಡಿ, ಮಾಡ್ಯೂಲ್ ಬಿಸಿಯಾಗುತ್ತದೆ. ಅದು ಕೆಟ್ಟರೆ ಮುನ್ಸೂಚನೆ ಕೊಡದೆ ಕೆಡುತ್ತದೆ. ದಾರಿಯಲ್ಲಿ ರಿಪೇರಿಯೂ ಆಗದು. ಬಿಚ್ಚಿದ ಪಾಯಿಂಟ್ ಮತ್ತು ಕಂಡೆನ್ಸರ್, ಒಂದು ಸ್ಕ್ರೂಡ್ರೈವರ್, ಒಂದು ಫೀಲರ್ ಗೇಜ್ ಡಿಕ್ಕಿಯಲ್ಲಿರಲಿ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ.ಗೆ ಇಟ್ಟುಕೊಂಡರೆ ಊರು ಸೇರಬಹುದು.