ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಪಕ್ಕದ ಕಿಂಡಿ ನೋಡಿ

ಅಂಗಡಿಯಲ್ಲಿ ನಾವು ಪ್ರೊಸೆಸರ್ ಕೇಳುತ್ತೇವೆ, ರ‍್ಯಾಮ್ ಕೇಳುತ್ತೇವೆ. ಪಕ್ಕದಲ್ಲಿರುವ ಪೋರ್ಟ್‌ಗಳನ್ನು, ಅಂದರೆ ವೈರ್ ಚುಚ್ಚುವ ಕಿಂಡಿಗಳನ್ನು, ಎಣಿಸುವುದಿಲ್ಲ. ನಾನೂ ಎಣಿಸಿರಲಿಲ್ಲ. ಮನೆಗೆ ತಂದು ನೋಡಿದರೆ ಎರಡೇ ಎರಡು ಟೈಪ್-ಸಿ, ಅಂದರೆ ಈಗಿನ ಫೋನುಗಳಲ್ಲಿರುವ ಸಣ್ಣ ಕಿಂಡಿ. ಒಂದು ಚಾರ್ಜರ್‌ಗೇ ಹೋಯಿತು. ಹಳೆಯ ಪೆನ್‌ಡ್ರೈವ್‌ಗೆ ಜಾಗವೇ ಇಲ್ಲ!

ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಪೆನ್‌ಡ್ರೈವ್, ಮೌಸ್, ಪ್ರಿಂಟರ್ ವೈರ್, ಟಿವಿ ವೈರ್, ಇಯರ್‌ಫೋನ್, ಕ್ಯಾಮೆರಾ ಕಾರ್ಡ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಒಟ್ಟಿಗೇ ಬೇಕಾಗುವುದು ಯಾವುದು ಅಂತ ಬರೆದುಕೊಳ್ಳಿ. ಅಗಲವಾದ ಹಳೇ ಯುಎಸ್‌ಬಿ ಅಂದರೆ ಟೈಪ್-ಎ. ಅದು ಒಂದಾದರೂ ಇದ್ದರೆ ನೆಮ್ಮದಿ.

ಎರಡನೆಯದು ಟೈಪ್-ಸಿ. ಮೋಸ ಹೋಗುವುದು ಇಲ್ಲೇ. 2014ರಲ್ಲಿ ಬಂದ ಈ ಹೆಸರು ಕಿಂಡಿಯ ಆಕಾರವನ್ನಷ್ಟೇ ಹೇಳುತ್ತದೆ, ಅದು ಮಾಡುವ ಕೆಲಸವನ್ನಲ್ಲ. ನೋಡಲು ಒಂದೇ ಥರ ಇದ್ದರೂ ಒಂದರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಇನ್ನೊಂದರದು 40 ಗಿಗಾಬಿಟ್ ಇರಬಹುದು. 20 ಜಿಬಿ ಮದುವೆ ವಿಡಿಯೊ ಸಾಗಿಸಲು ಮೊದಲನೆಯದಕ್ಕೆ ಲೆಕ್ಕದ ಪ್ರಕಾರವೇ ಐದೂವರೆ ನಿಮಿಷ ಬೇಕು. 10 ಗಿಗಾಬಿಟ್‌ನದಕ್ಕೆ 16 ಸೆಕೆಂಡ್ ಸಾಕು. ನಿಜದಲ್ಲಿ ಎರಡಕ್ಕೂ ಇನ್ನೂ ಜಾಸ್ತಿಯೇ ಹಿಡಿಯುತ್ತದೆ, ಆ ಮಾತು ಬೇರೆ.

ಹಾಗಾಗಿ ಕಿಂಡಿಯ ಪಕ್ಕದ ಗುರುತು ನೋಡಿ. ಬಾಣದಂಥ ಮಿಂಚಿದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್, ಅಂದರೆ ಬಲು ವೇಗದ ಕಿಂಡಿ. 'ಡಿ' ಒಳಗೆ 'ಪಿ' ಇದ್ದರೆ ಡಿಸ್‌ಪ್ಲೇಪೋರ್ಟ್, ಅಂದರೆ ಮಾನಿಟರ್ ಜೋಡಿಸಬಹುದು. ಬ್ಯಾಟರಿ ಚಿತ್ರವಿದ್ದರೆ ಅಲ್ಲಿಂದ ಲ್ಯಾಪ್‌ಟಾಪನ್ನೇ ಚಾರ್ಜ್ ಮಾಡಬಹುದು ಅಂತ ಸುಮ್ನೆ ನಂಬಬೇಡಿ. ಲ್ಯಾಪ್‌ಟಾಪ್ ಆಫ್ ಇದ್ದಾಗಲೂ ಫೋನ್ ಚಾರ್ಜ್ ಆಗುತ್ತದೆ ಎನ್ನುವುದಕ್ಕೂ ಕೆಲವರು ಅದನ್ನೇ ಹಾಕುತ್ತಾರೆ. ಗುರುತೇ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ ಹುಡುಕಿ, 'ಪವರ್ ಡೆಲಿವರಿ' (ಟೈಪ್-ಸಿ ಮೂಲಕ ಚಾರ್ಜಿಂಗ್), 'ಡಿಸ್‌ಪ್ಲೇಪೋರ್ಟ್' ಎಂಬ ಪದಗಳಿವೆಯೇ ನೋಡಿ. ಅಂಗಡಿಯವರ "ಎಲ್ಲಾ ಆಗುತ್ತೆ ಸಾರ್" ಸಾಲದು.

ವೈರಿಗೂ ಇದೇ ಮಾತು. ಫೋನಿನ ಜೊತೆ ಬರುವ ಟೈಪ್-ಸಿ ವೈರ್ ಚಾರ್ಜಿಂಗಿಗೆ ಆದರೂ ಎಷ್ಟೋ ಸಲ ಮಾನಿಟರ್‌ಗೆ ಆಗುವುದಿಲ್ಲ. ಮಾನಿಟರ್ ಕೆಟ್ಟಿದೆ ಅಂತ ಬೈಯುವ ಮುಂಚೆ ವೈರ್ ಬದಲಿಸಿ ನೋಡಿ.

ಪಾಠ ಮಾಡುವವರು, ಮೀಟಿಂಗ್‌ಗೆ ಓಡಾಡುವವರು ಎಚ್‌ಡಿಎಂಐ (ಟಿವಿ, ಪ್ರೊಜೆಕ್ಟರ್ ಜೋಡಿಸುವ ಕಿಂಡಿ) ಇರುವುದನ್ನೇ ಕೊಳ್ಳಿ. ಆಪಲ್ ಕೂಡ 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಅದನ್ನು ತೆಗೆದು, 2021ರಲ್ಲಿ ಮತ್ತೆ ಇಟ್ಟಿತು. ಹಳೇ ಸಭಾಂಗಣಗಳ ಪ್ರೊಜೆಕ್ಟರ್‌ಗೆ ಇನ್ನೂ ವಿಜಿಎ ಬೇಕಾಗುತ್ತದೆ. 1987ರ ಆ 15 ಪಿನ್ನಿನ ಮುದುಕನಿಗಾಗಿ ಬ್ಯಾಗಿನಲ್ಲೊಂದು ಅಡಾಪ್ಟರ್ ಇರಲಿ.

ಕಿಂಡಿ ಸಾಲದಿದ್ದರೆ, ಒಂದು ಕಿಂಡಿಯನ್ನು ಹಲವಾಗಿಸುವ ಹಬ್ ಇದೆ. ಆದರೆ ಹಬ್‌ಗೆ ಜೋಡಿಸಿದ್ದೆಲ್ಲ ಒಂದೇ ಕಿಂಡಿಯ ವೇಗವನ್ನು ಹಂಚಿಕೊಳ್ಳುತ್ತದೆ. ಚಾರ್ಜರನ್ನೂ ಅದರ ಮೂಲಕವೇ ಹಾಕುವುದಾದರೆ, ಹಬ್ ಎಷ್ಟು ವಾಟ್ ಹಾಯಿಸುತ್ತದೆ ಅಂತ ಓದಿಕೊಳ್ಳಿ.

ಕೊನೆಗೆ, ಅಂಗಡಿಗೆ ಹೋಗುವಾಗ ನಿಮ್ಮ ದಪ್ಪನೆಯ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಚುಚ್ಚಿ ನೋಡಿ. ಪಕ್ಕದ ಕಿಂಡಿ ಮುಚ್ಚಿಹೋದರೆ ಇನ್ನೊಂದು ಮಾಡೆಲ್ ತೋರಿಸಲು ಹೇಳಿ.