ಟ್ಯೂರಿನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಊಟ, ವೈನ್ ಮತ್ತು ಪಂಕ್ತಿಯ ಪದ್ಧತಿ

ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಟ್ಯೂರಿನ್‌ಗೆ ಬಂದಿಳಿಯುವ ಕನ್ನಡಿಗರು ಮೊದಲ ವಾರದಲ್ಲೇ ನನ್ನನ್ನು ಕೇಳುವ ಪ್ರಶ್ನೆ, ಒಳ್ಳೆಯ ಇಟಾಲಿಯನ್ ಊಟ ಎಲ್ಲಿ ಸಿಗುತ್ತದೆ ಎಂಬುದು. ಇಟಾಲಿಯನ್ ಊಟ ಎಂಬ ಒಂದೇ ಊಟ ಈ ದೇಶದಲ್ಲಿಲ್ಲ ಎಂದು ನಾನು ಉತ್ತರಿಸುತ್ತೇನೆ. ಕಲಬುರಗಿಯಲ್ಲಿ ನೀರುದೋಸೆಯನ್ನೂ ಮಂಗಳೂರಿನಲ್ಲಿ ಜೋಳದ ರೊಟ್ಟಿಯನ್ನೂ ಹುಡುಕುತ್ತ ಹೊರಟವರಿಗೆ ಏನಾಗುತ್ತದೆಯೋ, ಟ್ಯೂರಿನ್‌ನಲ್ಲಿ ರೋಮ್ ಅಥವಾ ನೇಪಲ್ಸ್‌ನ ಅಡುಗೆಯನ್ನು ಹುಡುಕುವವರಿಗೂ ಅದೇ ಆಗುತ್ತದೆ. ನಮ್ಮ ಪಿಯೆಮೊಂತೆ ಪ್ರಾಂತವು ಬೆಣ್ಣೆ, ಚೀಸ್, ಹೇಜಲ್‌ನಟ್ ಮತ್ತು ಅಕ್ಕಿಯ ಸೀಮೆ. ಮಿಲಾನ್‌ನಿಂದ ಇಲ್ಲಿಗೆ ಬರುವ ರೈಲಿನ ಕಿಟಕಿಯಲ್ಲಿ ನೊವಾರಾ ಮತ್ತು ವೆರ್ಚೆಲ್ಲಿಯ ಸುತ್ತ ನೀರು ನಿಂತ ಭತ್ತದ ಗದ್ದೆಗಳನ್ನು ನೋಡಿದಾಗ, ಮಂಡ್ಯದ ಕಡೆಯವನಾದ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಬೀದಿಬೀದಿಯಲ್ಲೂ ಕಾಣುವ 'ಬಾರ್' ಎಂಬ ಫಲಕವನ್ನು ನೋಡಿ ಹಿಂಜರಿಯಬೇಕಾಗಿಲ್ಲ. ಅದು ಮುಖ್ಯವಾಗಿ ಕಾಫಿ ಕುಡಿಯುವ ಜಾಗ. ಬೆಂಗಳೂರಿನ ದರ್ಶಿನಿಯ ಅಭ್ಯಾಸವುಳ್ಳವರಿಗೆ ಇದು ಅರ್ಧ ಪರಿಚಿತವೇ, ಏಕೆಂದರೆ ಇಲ್ಲಿಯೂ ಜನರು ಕೌಂಟರಿನ ಮುಂದೆ ನಿಂತು, ಎರಡು ಗುಟುಕಿನಲ್ಲಿ ಕುಡಿದು ಹೊರಡುತ್ತಾರೆ. ರೈಲು ನಿಲ್ದಾಣಗಳಲ್ಲಿಯೂ ಜನಸಂದಣಿಯಿರುವ ಬಾರ್‌ಗಳಲ್ಲಿಯೂ ಮೊದಲು 'ಕಾಸ್ಸಾ'ದಲ್ಲಿ ಹಣ ಕೊಟ್ಟು, ಚೀಟಿ ಹಿಡಿದು ಕೌಂಟರಿಗೆ ಹೋಗಬೇಕಾಗುತ್ತದೆ. ಕುರ್ಚಿಯಲ್ಲಿ ಕುಳಿತರೆ, ಅದರಲ್ಲೂ ದೊಡ್ಡ ಚೌಕಗಳಲ್ಲಿ, ಅದೇ ಕಾಫಿಯ ಬೆಲೆ ಹೆಚ್ಚಾಗುವುದುಂಟು. 'ಕಫೆ' ಎಂದರೆ ಚಿಕ್ಕ ಬಟ್ಟಲಿನ ಗಟ್ಟಿ ಡಿಕಾಕ್ಷನ್ ಎಂದೇ ತಿಳಿಯಿರಿ. 'ಲಾತ್ತೆ' ಎಂದು ಕೇಳಿದರೆ ಒಂದು ಲೋಟ ಬರೀ ಹಾಲು ಬರುತ್ತದೆ, ಅದಕ್ಕೆ ಅವರನ್ನು ದೂರುವಂತಿಲ್ಲ. ಕಪುಚೀನೊ ಬೆಳಗಿನ ಪಾನೀಯ. ಊಟವಾದ ಮೇಲೆ ಕೇಳಿದರೂ ಕೊಡುತ್ತಾರೆ, ಆದರೆ ನೀವು ಹೊಸಬರೆಂಬುದು ಆಗಲೇ ತಿಳಿದುಹೋಗುತ್ತದೆ. ಇದೇ ಊರಿನ ವಿಶೇಷವಾದ 'ಬಿಚೆರಿನ್' ಅನ್ನು, ಅಂದರೆ ಕಾಫಿ, ಬಿಸಿ ಚಾಕೊಲೇಟ್ ಮತ್ತು ಕೆನೆಯನ್ನು ಪದರಪದರವಾಗಿ ಸುರಿದ ಲೋಟವನ್ನು, ಕಲಕದೆ ಕುಡಿಯುವುದು ವಾಡಿಕೆ.

ಊಟದ ಹೊತ್ತು ಇಲ್ಲಿ ಕಟ್ಟುನಿಟ್ಟು. ಮಧ್ಯಾಹ್ನ ಸುಮಾರು ಹನ್ನೆರಡೂವರೆಯಿಂದ ಎರಡೂವರೆಯವರೆಗೆ ಮತ್ತು ರಾತ್ರಿ ಏಳೂವರೆಯ ನಂತರ ಮಾತ್ರ ಹೆಚ್ಚಿನ ಅಡುಗೆಮನೆಗಳು ತೆರೆದಿರುತ್ತವೆ. ನಡುವೆ ಹಸಿದವರಿಗೆ ತೂಕಕ್ಕೆ ಕತ್ತರಿಸಿ ಮಾರುವ ಪಿಜ್ಜಾವೇ ಗತಿ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಒಂದೆರಡು ಯೂರೊ ಸೇರಿರುವುದನ್ನು ಕಂಡು ಮೋಸವೆಂದು ಜಗಳವಾಡಬೇಡಿ. ಅದು ಬ್ರೆಡ್ ಮತ್ತು ಮೇಜಿನ ಸಿದ್ಧತೆಯ ಶುಲ್ಕ, ಮೆನುವಿನಲ್ಲಿ ಮೊದಲೇ ಬರೆದಿರುತ್ತದೆ. ಅದರ ಮೇಲೆ ಟಿಪ್ಸ್ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ನೀವಾಗಿ ಕೇಳುವ ಮೊದಲೇ ಬಿಲ್ಲು ತಂದಿಡುವುದು ಅತಿಥಿಯನ್ನು ಎಬ್ಬಿಸಿ ಕಳುಹಿಸಿದಂತೆ ಎಂಬ ಭಾವನೆ ಇಲ್ಲಿಯದಾದ್ದರಿಂದ, 'ಇಲ್ ಕೊಂತೊ, ಪೆರ್ ಫವೋರೆ' ಎಂಬ ಮಾತನ್ನು ಮೊದಲ ದಿನವೇ ಬಾಯಿಪಾಠ ಮಾಡಿಕೊಳ್ಳಿ. ನಮ್ಮ 'ಬೈ ಟು' ಪದ್ಧತಿ ಇಲ್ಲಿ ನಡೆಯುವುದು ಕಷ್ಟ. ಪಿಜ್ಜಾವನ್ನು ಸಹ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳುತ್ತಾರೆ. ಆದರೆ ಆಂತಿಪಾಸ್ತೊ (ಆರಂಭದ ತಿನಿಸು), ಪ್ರೀಮೊ (ಪಾಸ್ತಾ, ರಿಸೊತ್ತೊ ಅಥವಾ ಸೂಪು), ಸೆಕೊಂದೊ (ಮಾಂಸ ಅಥವಾ ಮೀನಿನಂಥ ಮುಖ್ಯ ತಿನಿಸು), ದೋಲ್ಚೆ (ಸಿಹಿ) ಎಂಬ ಸರದಿಯನ್ನೆಲ್ಲ ಮುಗಿಸಲೇಬೇಕೆಂದು ಯಾರೂ ಹೇಳುವುದಿಲ್ಲ. ಒಂದು ಪ್ರೀಮೊ, ಜೊತೆಗೆ 'ಕೊಂತೊರ್ನೊ' ಎಂಬ ತರಕಾರಿಯ ತಟ್ಟೆ ಇದ್ದರೆ ಹೊಟ್ಟೆ ತುಂಬುತ್ತದೆ.

ಸಸ್ಯಾಹಾರಿಗಳು ಮುಂದಿನ ಮಾತುಗಳನ್ನು ಗಮನವಿಟ್ಟು ಓದಬೇಕು. ನಾನು ಬಂದ ಮೊದಲ ಚಳಿಗಾಲದಲ್ಲಿ, ಮನೆಯ ಹತ್ತಿರದ ಒಂದು ಚಿಕ್ಕ ಊಟದ ಮನೆಯಲ್ಲಿ ವಾರಗಟ್ಟಲೆ ಮಿನೆಸ್ತ್ರೋನೆ ಎಂಬ ತರಕಾರಿ ಸೂಪನ್ನು ನಿಶ್ಚಿಂತೆಯಿಂದ ಕುಡಿದೆ. ಅದರ ಒಗ್ಗರಣೆಗೆ ಪಂಚೆತ್ತಾ, ಅಂದರೆ ಹಂದಿಮಾಂಸ, ಬೀಳುತ್ತಿತ್ತೆಂದು ತಿಳಿದದ್ದು ಆಮೇಲೆ. ಅವರು ಮುಚ್ಚಿಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಹೀಗಾಗಿ 'ವೆಜಿತೆರಿಯಾನೊ' ಎಂದಷ್ಟೇ ಹೇಳಿ ಸುಮ್ಮನಾಗದೆ, ಮಾಂಸವಿಲ್ಲವೇ, ಮೀನಿಲ್ಲವೇ, ಸಾರು ಯಾವುದರದು ಎಂದು ಬಿಡಿಸಿ ಕೇಳಬೇಕು. ರಿಸೊತ್ತೊ ಅನ್ನ ಬೇಯುವುದು ಅನೇಕ ಕಡೆ ಮಾಂಸದ ಸಾರಿನಲ್ಲಿ. ಚಳಿಗಾಲದ ಹೆಮ್ಮೆಯಾದ 'ಬಾಞ್ಞಾ ಕಾವ್ದಾ', ಹಸಿ ತರಕಾರಿಯನ್ನು ಅದ್ದಿ ತಿನ್ನುವ ಬೆಳ್ಳುಳ್ಳಿಯ ಬಿಸಿ ಗೊಜ್ಜು, ಆಂಚೊವಿ ಮೀನಿಲ್ಲದೆ ಆಗುವುದೇ ಇಲ್ಲ. ಕೆಲವು ಬ್ರೆಡ್ ಮತ್ತು ಫೊಕಾಚ್ಚಾಗಳಲ್ಲಿ 'ಸ್ತ್ರುತ್ತೊ' ಎಂಬ ಹಂದಿಯ ಕೊಬ್ಬು ಇರುತ್ತದೆ; ಪನ್ನಾ ಕೊತ್ತಾ ಎಂಬ ಕೆನೆಯ ಸಿಹಿ ಗಟ್ಟಿಯಾಗುವುದು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್‌ನಿಂದ. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಒಡೆಯಲು ಕರುವಿನ ಜಠರದ ರೆನೆಟ್ ಬಳಸುವುದು ಅದರ ನಿಯಮದಲ್ಲೇ ಇದೆ. ಇದನ್ನು ಒಪ್ಪದವರು ಅಂಗಡಿಯಲ್ಲಿ 'ಕಾಲ್ಯೊ ವೆಜೆತಾಲೆ' ಎಂದು ಬರೆದ ಚೀಸನ್ನು ಆರಿಸಿಕೊಳ್ಳಬಹುದು. ಮೊಟ್ಟೆ ತಿನ್ನದವರಿಗೆ ಇಲ್ಲಿಯ 'ತಾಯಾರಿನ್' ಪಾಸ್ತಾ ಸಲ್ಲದು, ಅದರ ಹಿಟ್ಟನ್ನು ನಾದುವುದೇ ಮೊಟ್ಟೆಯ ಹಳದಿಯಲ್ಲಿ. ಗೋಧಿ ರವೆಯ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಇಷ್ಟೆಲ್ಲ ಕೇಳಿ ಎದೆಗುಂದಬೇಡಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಇಷ್ಟರಿಂದಲೇ ಒಲೆಯಲ್ಲಿ ಬೇಯಿಸುವ ಫರಿನಾತಾ ನಮ್ಮ ನಾಲಿಗೆಗೆ ಕೂಡಲೇ ಹಿಡಿಸುತ್ತದೆ. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಸುರಿದು ಬಿಡದೆ ತಿರುವುವ ಪೊಲೆಂತಾವಂತೂ, ಮುದ್ದೆ ತಿಂದು ಬೆಳೆದವರಿಗೆ ನೆಂಟನಿದ್ದಂತೆ.

ವೈನ್ ಕುಡಿಯುವುದೂ ಬಿಡುವುದೂ ನಿಮ್ಮ ಇಚ್ಛೆ, ಯಾರೂ ಒತ್ತಾಯಿಸುವುದಿಲ್ಲ. ಕುಡಿಯುವವರು ದುಬಾರಿಯಾದ ಬರೋಲೊದಿಂದ ಆರಂಭಿಸುವುದು ಹಣಕ್ಕೂ ನಾಲಿಗೆಗೂ ನಷ್ಟವೆಂದು ನನ್ನ ಅಭಿಪ್ರಾಯ. ನೆಬ್ಬಿಯೋಲೊ ದ್ರಾಕ್ಷಿಯ ಆ ವೈನ್ ಕನಿಷ್ಠ 38 ತಿಂಗಳು ಮಾಗಿದ ಮೇಲೆಯೇ ಮಾರಾಟಕ್ಕೆ ಬರುತ್ತದಾದರೂ, ಅದರ ಒಗರು ಹೊಸಬರಿಗೆ ಒಗ್ಗುವುದಿಲ್ಲ. ಬಾರ್ಬೆರಾ ಎಂಬ ಕೆಂಪು ವೈನಿನಿಂದ ತೊಡಗಿರಿ. 'ದೊಲ್ಚೆತ್ತೊ' ಎಂಬ ಹೆಸರಿನಲ್ಲಿ ಸಿಹಿ ಇದ್ದರೂ ವೈನಿನಲ್ಲಿಲ್ಲ. ಸಿಹಿ ಬೇಕಾದವರಿಗೆ ಮೊಸ್ಕಾತೊ ದಾಸ್ತಿ ಇದೆ, ಅದರ ಆಲ್ಕೋಹಾಲ್ ಶೇಕಡಾ 5ರ ಆಸುಪಾಸು. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಲಾಂಗೆಯ ದ್ರಾಕ್ಷಿ ಬೆಟ್ಟಗಳನ್ನು ನೋಡಲು ಹೋಗುವವರು ಆಲ್ಬಾದವರೆಗೆ ರೈಲಿನಲ್ಲಿ ಹೋಗಿ, ವೈನ್ ತಯಾರಿಸುವ ಮನೆಗಳಿಗೆ ಮೊದಲೇ ಬರೆದು ಸಮಯ ಗೊತ್ತುಮಾಡಿಕೊಳ್ಳುವುದು ಲೇಸು. ಕಾರು ಓಡಿಸುವವರು ಕುಡಿಯಲೇಬಾರದು: ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಲೈಸೆನ್ಸ್ ಪಡೆದ ಮೊದಲ ಮೂರು ವರ್ಷ ಸೊನ್ನೆ.

ಪೋರ್ತಾ ಪಲಾತ್ಸೊ ಸಂತೆಯಲ್ಲಿ ಹಣ್ಣನ್ನು ಒತ್ತಿ ನೋಡಬೇಡಿ, ಬೇಕಾದ್ದನ್ನು ಹೇಳಿ ಅವರಿಂದಲೇ ತೆಗೆಸಿಕೊಳ್ಳಿ. ಅಂಗಡಿಗೆ ಕಾಲಿಡುವಾಗ 'ಬುವೊಂಜೋರ್ನೊ' ಎನ್ನದವರು ಒರಟರೆನಿಸುತ್ತಾರೆ. ಹಿರಿಯರಿಗೆ 'ತೂ' ಎನ್ನದೆ 'ಲೇಯಿ' ಎನ್ನಬೇಕೆಂಬುದು, ನೀನು ಮತ್ತು ನೀವುಗಳ ಅಂತರ ಬಲ್ಲ ನಮಗೆ ಕಲಿಸಿಕೊಡಬೇಕಾದ ಪಾಠವಲ್ಲ.

ವರ್ಷ ತುಂಬುವಷ್ಟರಲ್ಲಿ ಯಾರಾದರೂ ಸಹೋದ್ಯೋಗಿ ನಿಮ್ಮನ್ನು ಭಾನುವಾರದ ಊಟಕ್ಕೆ ಮನೆಗೆ ಕರೆಯಬಹುದು. ಏನು ತಿನ್ನುವುದಿಲ್ಲವೆಂಬುದನ್ನು ಎರಡು ದಿನ ಮುಂಚಿತವಾಗಿಯೇ ತಿಳಿಸಿ. ಪಂಕ್ತಿಯಲ್ಲಿ ಕುಳಿತ ಮೇಲೆ ಹೇಳಿದರೆ ಅಡುಗೆ ಮಾಡಿದವರು ನೊಂದುಕೊಳ್ಳುತ್ತಾರೆ. ತಟ್ಟೆಯ ಸಾಸನ್ನು ಬ್ರೆಡ್ಡಿನಿಂದ ಬಳಿದು ತಿನ್ನುವುದು ಮನೆಯೂಟದಲ್ಲಿ ಮೆಚ್ಚುಗೆಯ ಗುರುತೇ ಆಗಿದೆ. ಬರಿಗೈಯಲ್ಲಿ ಹೋಗದೆ, ಬೇಕರಿಯಲ್ಲಿ ಕಾಗದ ಸುತ್ತಿ ಕೊಡುವ ಸಣ್ಣ ಸಿಹಿತಿಂಡಿಗಳ ತಟ್ಟೆಯೊಂದನ್ನು ಒಯ್ಯಿರಿ. ಹೂವನ್ನೇ ಒಯ್ಯುವುದಾದರೆ ಯಾವ ಹೂವಾದರೂ ಆದೀತು, ಸೇವಂತಿಗೆ ಮಾತ್ರ ಬೇಡ. ನಮ್ಮಲ್ಲಿ ದೇವರ ಮುಡಿಗೇರುವ ಆ ಹೂವನ್ನು ಇಲ್ಲಿಯವರು ನವೆಂಬರ್ 2ರ ಸುಮಾರಿಗೆ ಸಮಾಧಿಗಳ ಮೇಲಿಡಲು ಕೊಳ್ಳುತ್ತಾರೆ.